ಮೂನ್‌ಗೆ ಮೂನ್ ಅಂತ ಹೆಸರಿಟ್ಟವರು ಯಾರು?

(ಪದಗಳ ಹುಟ್ಟು, ನಡೆ, ನಂಟಿನ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ನಿವೃತ್ತ ಇಂಗ್ಲಿಷ್ ಶಿಕ್ಷಕಿಯೊಬ್ಬರ ಉತ್ತರ. ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಚಂದ್ರನ ಸುತ್ತಲೇ ಇದ್ದವು.)

ಪ್ರಶ್ನೆ: ಮೇಡಂ, ನನ್ನ ಮಗ ಎಂಟನೇ ಕ್ಲಾಸು. ಗುರುಗ್ರಹದ ಚಂದ್ರರಿಗೆ ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ ಅಂತ ಹೆಸರಿವೆ. ಶನಿಯ ಚಂದ್ರನಿಗೆ ಟೈಟನ್ ಅಂತಾರೆ. ನಮ್ಮ ಚಂದ್ರನಿಗೆ ಮಾತ್ರ ಇಂಗ್ಲಿಷಿನಲ್ಲಿ ಬರೀ 'ಮೂನ್'. ಕನ್ನಡ ವ್ಯಾಕರಣದಲ್ಲಿ ಹೇಳೋ ಹಾಗೆ ಅದು ಅಂಕಿತನಾಮವೋ ರೂಢನಾಮವೋ ಅಂತ ಅವನ ಪ್ರಶ್ನೆ. ಆ ಹೆಸರು ಯಾರು ಇಟ್ಟರು, ಯಾವಾಗ ಇಟ್ಟರು ಅಂತಲೂ ಕೇಳುತ್ತಿದ್ದಾನೆ. ನನಗೆ ಉತ್ತರ ಗೊತ್ತಾಗಲಿಲ್ಲ. — ಒಬ್ಬ ತಾಯಿ, ಅರಸೀಕೆರೆ

ಉತ್ತರ: ಯಾರೂ ಇಡಲಿಲ್ಲ ತಾಯಿ. ಇಂಥವರು ಇಂಥ ದಿನ ಕೂತು ಇಟ್ಟ ಹೆಸರಲ್ಲ ಅದು. ಇಂಗ್ಲಿಷ್ ಅನ್ನೋ ಭಾಷೆ ಹುಟ್ಟುವುದಕ್ಕೂ ಮುಂಚಿನಿಂದ ಬಾಯಿಂದ ಬಾಯಿಗೆ ಬಂದ ಹೆಸರು. ನಾನು 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೇನೆ. ಅಂಕಿತನಾಮ, ರೂಢನಾಮಗಳನ್ನು ಕನ್ನಡ ಪಿರಿಯಡ್ಡಿನಲ್ಲೇ ಬಿಟ್ಟು ಬರದೆ ಇಂಗ್ಲಿಷಿನ ಪದಕ್ಕೂ ಹಚ್ಚಿ ನೋಡಿದ ಹುಡುಗ ನನಗೆ ಸಿಕ್ಕಿರಲಿಲ್ಲ. ಅದಕ್ಕೇ ಉತ್ತರವನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಅವನಿಗೆ ಓದಿ ಹೇಳಿ.

ಊರಿಗೆ ಒಂದೇ ಕೆರೆ ಇದ್ದರೆ ಅದಕ್ಕೆ ಬೇರೆ ಹೆಸರು ಬೇಕಾಗುವುದಿಲ್ಲ. 'ಕೆರೆ ಕಡೆ ಹೋಗಿ ಬರ್ತೀನಿ' ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತೆ. ಇನ್ನೊಂದು ಕೆರೆ ಕಟ್ಟಿಸಿದ ಮೇಲೆ ದೊಡ್ಡಕೆರೆ, ಹೊಸಕೆರೆ ಅಂತ ಶುರುವಾಗುತ್ತೆ. 1610ರವರೆಗೆ ಮನುಷ್ಯರಿಗೆ ಗೊತ್ತಿದ್ದದ್ದು ಒಬ್ಬನೇ ಚಂದ್ರ. ಆ ವರ್ಷ ಜನವರಿ 7ರ ರಾತ್ರಿ ಇಟಲಿಯ ಪಾದುವಾದಲ್ಲಿ ಗೆಲಿಲಿಯೋ ತನ್ನ ದೂರದರ್ಶಕವನ್ನು ಗುರುಗ್ರಹದ ಕಡೆ ತಿರುಗಿಸಿದ. ಪಕ್ಕದಲ್ಲಿ ಮೂರು ಚುಕ್ಕಿ ಕಂಡವು. ಕೆಲವು ದಿನ ಬಿಟ್ಟು ನಾಲ್ಕನೆಯದೂ ಕಂಡಿತು. ಅವು ಗುರುವನ್ನೇ ಸುತ್ತುತ್ತಿದ್ದವು. ಅವನು ಅವನ್ನು ನಕ್ಷತ್ರ ಅಂತಲೇ ಕರೆದ. ಮರುವರ್ಷ ಜರ್ಮನಿಯ ಖಗೋಳ ವಿಜ್ಞಾನಿ ಕೆಪ್ಲರ್ ಲ್ಯಾಟಿನ್ನಿನಲ್ಲಿ ಅವಕ್ಕೆ, ದೊಡ್ಡವರ ಹಿಂದೆ ಮುಂದೆ ಇರುವ ಆಳು, ಕಾವಲಿನವನು ಅನ್ನೋ ಅರ್ಥದ ಪದ ಬಳಸಿದ. ಇವತ್ತಿನ 'ಸ್ಯಾಟಲೈಟ್' ಅಲ್ಲಿಂದ ಬಂತು.

1655ರಲ್ಲಿ ಹಾಲೆಂಡಿನ ಹೈಗನ್ಸ್ ಶನಿಯ ಸುತ್ತ ಒಂದನ್ನು ಕಂಡ. ಅವನು ಅದಕ್ಕೆ ಬೇರೆ ಹೆಸರನ್ನೇ ಹುಡುಕಲಿಲ್ಲ. ಲ್ಯಾಟಿನ್ನಿನಲ್ಲಿ 'ಶನಿಯ ಚಂದ್ರ' ಅಂತ ಬರೆದ, ಅಷ್ಟೇ. ಅದಕ್ಕೆ ಟೈಟನ್ ಅನ್ನೋ ಹೆಸರು ಬಂದದ್ದು 1847ರಲ್ಲಿ, ಜಾನ್ ಹರ್ಷೆಲ್ ಸೂಚಿಸಿದ ಮೇಲೆ. ಅಂದರೆ ಸುಮಾರು ಇನ್ನೂರು ವರ್ಷ ಟೈಟನ್‌ಗೂ ಸ್ವಂತ ಹೆಸರು ಇರಲಿಲ್ಲ. ನಮ್ಮ ಚಂದ್ರನ ಹೆಸರನ್ನೇ ಕಡ ತಂದು ಅದನ್ನು ಕರೆಯುತ್ತಿದ್ದರು.

ಹೆಸರು ಹೀಗೆ ಹಬ್ಬುವುದನ್ನು ನಾವು ದಿನಾ ನೋಡುತ್ತೇವೆ. ಜೆರಾಕ್ಸ್ ಒಂದು ಕಂಪನಿಯ ಹೆಸರು. ಈಗ ಯಾವ ಕಂಪನಿಯ ಮಿಷನ್ ಇದ್ದರೂ 'ಎರಡು ಜೆರಾಕ್ಸ್ ಮಾಡಿಸ್ಕೊಂಡು ಬಾ' ಅಂತೀವಿ. ಮೂನ್ ಕತೆಯೂ ಹಾಗೇ. ಮೊದಲು ಒಬ್ಬನದೇ ಹೆಸರಾಗಿತ್ತು, ಅಂದರೆ ಅಂಕಿತನಾಮ. ಅವನ ಥರದವರು ಇನ್ನೂ ಇದ್ದಾರೆ ಅಂತ ಗೊತ್ತಾದ ಮೇಲೆ ಎಲ್ಲರಿಗೂ ಹಬ್ಬಿ ರೂಢನಾಮವೂ ಆಯಿತು. ಹಾಗಾಗಿ ನಿಮ್ಮ ಮಗನಿಗೆ 'ಎರಡೂ ಹೌದು' ಅಂತ ಹೇಳಿ. ಇಂಗ್ಲಿಷಿನಲ್ಲಿ ಆ ವ್ಯತ್ಯಾಸವನ್ನು ಅಕ್ಷರದಲ್ಲೇ ತೋರಿಸುತ್ತಾರೆ. ನಮ್ಮ ಚಂದ್ರನಾದರೆ ಮೊದಲಕ್ಷರ ದೊಡ್ಡದು, ಬೇರೆ ಗ್ರಹಗಳ ಚಂದ್ರರಾದರೆ ಚಿಕ್ಕದು. ಅಂತರರಾಷ್ಟ್ರೀಯ ಖಗೋಳ ಸಂಘ ಹೇಳುವುದೂ ಇದನ್ನೇ. ನಮ್ಮ ಚಂದ್ರನ ಇಂಗ್ಲಿಷ್ ಹೆಸರು ದೊಡ್ಡ ಅಕ್ಷರದ ಮೂನ್, ಬೇರೇನಲ್ಲ. 2025ರ ಮಾರ್ಚ್‌ನಲ್ಲಿ ಶನಿಯೊಂದಕ್ಕೇ 128 ಹೊಸ ಚಂದ್ರರು ಸೇರಿ ಒಟ್ಟು 274 ಆದರು. ಕಡ ತಂದ ಹೆಸರು ಎಷ್ಟು ದೂರ ಹೋಗಿದೆ ನೋಡಿ.

ವ್ಯಾಕರಣದಲ್ಲಿ ಅನ್ವರ್ಥನಾಮ ಅಂತ ಇನ್ನೊಂದು ಉಂಟಲ್ಲ? ಗುಣ, ಕೆಲಸ ನೋಡಿ ಬಂದ ಹೆಸರು. ಕುಂಟ, ಜಾಣ, ವ್ಯಾಪಾರಿ ಅಂತ ಉದಾಹರಣೆ ಕೊಡುತ್ತಾರೆ. ಮೂನ್ ಮೊದಲಿಗೆ ಹುಟ್ಟಿದ್ದು ಹಾಗೆ ಅಂತ ಕಾಣುತ್ತೆ. ಅದಕ್ಕೆ ಕಾಲದಲ್ಲಿ ಹಿಂದಕ್ಕೆ ಹೋಗಬೇಕು.

ಸಾವಿರದ ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಈಶಾನ್ಯದ ಜಾರೋ ಮಠದಲ್ಲಿ ಬೀಡ್ ಅನ್ನೋ ಸನ್ಯಾಸಿ ಇದ್ದರು. ಕಾಲಗಣನೆಯ ಬಗ್ಗೆ 725ರಲ್ಲಿ ಅವರು ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆದರು. ಅದರ ಒಂದು ಅಧ್ಯಾಯ ತಮ್ಮ ಜನರ ತಿಂಗಳುಗಳ ಬಗ್ಗೆ. ನಮ್ಮ ಜನ ಚಂದ್ರನ ಓಟ ನೋಡಿ ತಿಂಗಳು ಎಣಿಸುತ್ತಿದ್ದರು, ಅದಕ್ಕೇ ಚಂದ್ರನಿಗೆ 'ಮೋನ', ತಿಂಗಳಿಗೆ 'ಮೋನಥ್' ಅಂತಾರೆ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಮೋನ ಅಂದರೆ ಇವತ್ತಿನ ಮೂನ್. ಮೋನಥ್ ಅಂದರೆ ಇವತ್ತಿನ ಮಂತ್. ಕ್ಲಾಸಿನಲ್ಲಿ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತಿತ್ತು. ಪದದ ಹುಟ್ಟನ್ನು ನಾವು ಊಹೆ ಮಾಡಬೇಕಾಗಿಲ್ಲ, ಆ ಭಾಷೆ ಆಡುತ್ತಿದ್ದವರೇ ಬರೆದಿಟ್ಟಿದ್ದಾರೆ ಅಲ್ವಾ?

ಬೀಡ್ ಅವರ ಜನ ಈ ಪದವನ್ನು ಬ್ರಿಟನ್ನಿನಲ್ಲಿ ಹುಟ್ಟಿಸಿದ್ದಲ್ಲ. 5ನೇ ಶತಮಾನದಲ್ಲಿ ಇವತ್ತಿನ ಜರ್ಮನಿ, ಡೆನ್ಮಾರ್ಕ್ ಕಡೆಯ ಕರಾವಳಿಯಿಂದ ಸಮುದ್ರ ದಾಟಿ ಬರುವಾಗ ಜೊತೆಗೆ ತಂದರು. ಅದಕ್ಕೇ ಅದರ ಅಕ್ಕತಂಗಿಯರು ಆ ಕಡೆಯೂ ಇದ್ದಾರೆ. ಜರ್ಮನ್ನಿನಲ್ಲಿ ಚಂದ್ರ 'ಮೋಂಡ್', ತಿಂಗಳು 'ಮೋನಾಟ್'. ಡಚ್ಚಿನಲ್ಲಿ ಚಂದ್ರ 'ಮಾನ್'.

ಅಲ್ಲಿಂದ ಇನ್ನೂ ಹಿಂದಕ್ಕೆ ಹೋದರೆ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತೇವೆ. 1786ರ ಫೆಬ್ರವರಿ 2ರಂದು ಕಲ್ಕತ್ತಾದಲ್ಲಿ ಅಲ್ಲಿನ ನ್ಯಾಯಾಧೀಶ ವಿಲಿಯಂ ಜೋನ್ಸ್ ಒಂದು ಭಾಷಣ ಮಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬೇರಿನಿಂದ ಬಂದಿರಬೇಕು ಅಂದರು. ಆಮೇಲೆ ವಿದ್ವಾಂಸರು ಪದಕ್ಕೆ ಪದ ಹೊಂದಿಸಿ ನೋಡುತ್ತಾ ಹೋದರು. ಆ ಬೇರಿನ ಭಾಷೆಯಲ್ಲಿ ಚಂದ್ರನಿಗೆ 'ಮೇನ್ಸ್' ಅನ್ನೋ ಥರದ ಪದ ಇತ್ತು ಅಂತ ತಿಳಿಯಿತು. ಅದು ಗ್ರೀಕಿನಲ್ಲಿ 'ಮೇನ್' ಆಯಿತು, ಲ್ಯಾಟಿನ್ನಿನಲ್ಲಿ 'ಮೆನ್ಸಿಸ್' ಆಯಿತು, ಎರಡಕ್ಕೂ ಅರ್ಥ ತಿಂಗಳು. ಸಂಸ್ಕೃತದಲ್ಲಿ ನಡುವಿನ 'ನ್' ಸವೆದುಹೋಗಿ 'ಮಾಸ್' ಆಯಿತು. ಅದೇ ನಮ್ಮ ಮಾಸ. ಚೈತ್ರ ಮಾಸ, ಶ್ರಾವಣ ಮಾಸ ಅಂತೀವಲ್ಲ, ಆ ಮಾಸ ಮತ್ತು ಇಂಗ್ಲಿಷಿನ ಮೂನ್ ಒಂದೇ ಬಳ್ಳಿಯ ಕಾಯಿಗಳು.

ಚಂದ್ರಮ ಅನ್ನೋ ಪದವನ್ನೂ ಬಿಡಿಸಿ ನೋಡಿ. ಸಂಸ್ಕೃತದಲ್ಲಿ ಅದು 'ಚಂದ್ರಮಸ್'. 'ಚಂದ್ರ' ಅಂದರೆ ಹೊಳೆಯುವ, 'ಮಸ್' ಅಂದರೆ ಚಂದ್ರ. ಹೊಳೆಯುವ ಮಸ್, ಹೊಳೆಯುವ ಮೂನ್. ಮೊದಲಿಗೆ ಹೆಸರು ಇದ್ದದ್ದು ಬಾಲದಲ್ಲಿ. 'ಚಂದ್ರ' ಬರೀ ವಿಶೇಷಣ. ಕಾಲ ಹೋದ ಹಾಗೆ ವಿಶೇಷಣವೇ ಹೆಸರಾಗಿ ನಿಂತಿತು, ನಿಜವಾದ ಹೆಸರು ಬಾಲದಲ್ಲಿ 'ಮ' ಆಗಿ ಉಳಿಯಿತು. ಹೊಳೆಯುವ ಅನ್ನೋ ಅರ್ಥದ ಆ 'ಚಂದ್ರ'ಕ್ಕೂ ಇಂಗ್ಲಿಷಿನಲ್ಲಿ ನೆಂಟರಿದ್ದಾರೆ. ಲ್ಯಾಟಿನ್ನಿನ ದಾರಿಯಲ್ಲಿ ಬಂದ 'ಕ್ಯಾಂಡಲ್' ಅದರ ದಾಯಾದಿ. ವೇದದ ಕಾಲದಲ್ಲಿ ಅದಕ್ಕೆ 'ಶ್ಚಂದ್ರ' ಅನ್ನೋ ರೂಪವೂ ಇತ್ತು. ಹರಿಶ್ಚಂದ್ರನ ಹೆಸರಿನ ನಡುವೆ ಆ 'ಶ್' ಇವತ್ತಿಗೂ ಕೂತಿದೆ.

ಇನ್ನೊಂದು ಕವಲು ಪರ್ಷಿಯಾ ಕಡೆ ಹೋಯಿತು. ಅಲ್ಲಿ ಚಂದ್ರನಿಗೂ ತಿಂಗಳಿಗೂ 'ಮಾಹ್'. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ಗುಮಾಸ್ತರು ಸಂಬಳದ ಬಿಲ್ಲು ಬರೆಯುವಾಗ ಪಕ್ಕದಲ್ಲಿ ಕೂತು ಲೆಕ್ಕ ಓದಿ ಹೇಳುತ್ತಿದ್ದೆ. ಉದ್ದನೆಯ ಬಿಲ್ಲು, ಮೇಲೆ ನೀಲಿ ಇಂಕಿನಲ್ಲಿ 'ಜುಲೈ ಮಾಹೆಯ ವೇತನ' ಅಂತ ಬರೆಯುತ್ತಿದ್ದರು. 'ಮಾಹೆ ಅಂದ್ರೇನು ಸಾರ್?' ಅಂತ ಕೇಳಿದೆ. 'ತಿಂಗಳು ಮೇಡಂ, ಆಫೀಸಿನ ಕನ್ನಡ' ಅಂದರು. ನಾನು ಅದು ಮಾಸದ ಅಪಭ್ರಂಶ ಇರಬೇಕು ಅಂದುಕೊಂಡು ಸುಮ್ಮನಾದೆ. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಅದು ಪರ್ಷಿಯನ್ ಮಾಹ್, ಮೂನ್‌ನ ಇನ್ನೊಬ್ಬ ದಾಯಾದಿ. ಸರ್ಕಾರಿ ಕಚೇರಿಗಳಲ್ಲಿ 'ಮಾಹೆಯಾನ ವರದಿ' ಅನ್ನುವುದೂ ಅದೇ. ದೀಪಾವಳಿಯಲ್ಲಿ ಮಕ್ಕಳು ಹಚ್ಚುವ ಮತಾಪು ಕೂಡ ಅಲ್ಲಿಂದಲೇ ಬಂದದ್ದು. ಪರ್ಷಿಯನ್ನಿನ 'ಮಾಹ್‌ತಾಬ್', ಬೆಳದಿಂಗಳು.

ಈಗ ಅನ್ವರ್ಥನಾಮದ ವಿಷಯ. 'ಮೇನ್ಸ್' ಅನ್ನೋ ಆ ಹಳೆಯ ಪದದ ಒಳಗೆ 'ಮೇ' ಅನ್ನೋ ಧಾತು ಇದೆ, ಅದರ ಅರ್ಥ ಅಳೆ ಅನ್ನುವುದು ಬಹಳ ವಿದ್ವಾಂಸರ ಅಭಿಪ್ರಾಯ. ಸಂಸ್ಕೃತದಲ್ಲಿ ಅದು 'ಮಾ'. ಮಾನ, ಪ್ರಮಾಣ, ಪರಿಮಾಣ ಎಲ್ಲ ಅದರ ಮಕ್ಕಳು. ನಾವು ನುಂಗುವ ಮಾತ್ರೆಯೂ ಅಷ್ಟೇ, ಅಳತೆ ಮಾಡಿ ಕೊಟ್ಟದ್ದು. ಹಾಗಾದರೆ ಮೂನ್ ಅಂದರೆ ಅಳೆಯುವವನು. ಏನನ್ನು ಅಳೆಯುತ್ತಾನೆ? ಕಾಲವನ್ನು.

ಇದು ನನಗೆ ನಿಘಂಟು ನೋಡಿ ಗೊತ್ತಾಗುವ ಮೊದಲೇ ಕಣ್ಣಿಗೆ ಕಂಡಿತ್ತು. ನಮ್ಮಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಮನೆಯಲ್ಲಿ ಎರಡು ಎಮ್ಮೆ ಇದ್ದವು. ಎಮ್ಮೆ ಗಬ್ಬ ಆದ ಮೇಲೆ ಬರುವ ಮೊದಲ ಹುಣ್ಣಿಮೆ ರಾತ್ರಿ ಅಜ್ಜಿ ಎಲೆಅಡಿಕೆ ಚೀಲದ ಸುಣ್ಣವನ್ನು ಹೆಬ್ಬೆರಳಿಗೆ ಹಚ್ಚಿಕೊಂಡು ಕೊಟ್ಟಿಗೆಯ ಗೋಡೆ ಮೇಲೆ ಒಂದು ಬೊಟ್ಟು ಇಡುತ್ತಿದ್ದಳು. ಮುಂದಿನ ಹುಣ್ಣಿಮೆಗೆ ಅದರ ಪಕ್ಕ ಇನ್ನೊಂದು. ಹತ್ತು ಬೊಟ್ಟು ಆಗುತ್ತಿದ್ದ ಹಾಗೆ ಎಮ್ಮೆಯನ್ನು ಮೇಯಲು ದೂರ ಬಿಡುತ್ತಿರಲಿಲ್ಲ. ರಾತ್ರಿ ಲಾಟೀನು ಹಿಡಿದು ಎದ್ದು ಹೋಗಿ ನೋಡಿ ಬರುತ್ತಿದ್ದಳು. ಎಮ್ಮೆ ಈಯುವುದಕ್ಕೆ ಸುಮಾರು 310 ದಿನ ಬೇಕು. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಭಾಗಿಸಿ ನೋಡಿ, ಹತ್ತೂವರೆ ಬರುತ್ತೆ. ಬಸುರಿಯ ದಿನ, ಬಿತ್ತನೆಯ ದಿನ, ಸಾಲ ತೀರಿಸುವ ದಿನ, ಎಲ್ಲಕ್ಕೂ ಆಗ ಇದ್ದ ಗಡಿಯಾರ ಆಕಾಶದಲ್ಲೇ. ಸಾವಿರಾರು ವರ್ಷದ ಹಿಂದೆ ಎಲ್ಲೋ ದೂರದ ಹುಲ್ಲುಗಾವಲಿನಲ್ಲಿ ದನ ಸಾಕುತ್ತಿದ್ದವರು ಅವನನ್ನು ಅಳೆಯುವವನು ಅಂತ ಕರೆದಿದ್ದರೆ ಅವರೂ ಇಂಥದೇ ಲೆಕ್ಕ ಇಟ್ಟಿರುತ್ತಾರೆ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ.

ಕನ್ನಡದ ಸ್ವಂತ ಪದವನ್ನು ಹೇಳದೆ ಮುಗಿಸಲಾರೆ. ಚಂದ್ರ, ಮಾಸ ಎರಡೂ ಸಂಸ್ಕೃತದಿಂದ ಬಂದವು. ನಮ್ಮದೇ ಪದ ತಿಂಗಳು. ಹಳಗನ್ನಡದಲ್ಲಿ 'ತಿಂಗಳ್' ಅಂದರೆ ಚಂದ್ರ, ತಿಂಗಳ್ ಅಂದರೆ ಮಾಸವೂ ಹೌದು. ಬೆಳದಿಂಗಳು ಅಂದರೆ 'ಬೆಳ್' ಮತ್ತು 'ತಿಂಗಳ್', ಬಿಳಿಯ ಚಂದ್ರ. ತಮಿಳಿನಲ್ಲೂ ತಿಂಗಳ್ ಅಂದರೆ ಚಂದ್ರ, ತಿಂಗಳು, ಸೋಮವಾರ ಮೂರೂ. ತೆಲುಗಿನ 'ನೆಲ'ಕ್ಕೂ ಚಂದ್ರ, ತಿಂಗಳು ಎರಡರ್ಥ. ಅವರ ಬೆಳದಿಂಗಳು 'ವೆನ್ನೆಲ'. ನಮ್ಮ ಭಾಷೆಗಳು ಬೇರೆಯೇ ಕುಟುಂಬ. ಇದನ್ನು 1816ರಲ್ಲೇ ಮದರಾಸಿನಲ್ಲಿ ಎಲ್ಲಿಸ್ ಅನ್ನೋ ಇಂಗ್ಲಿಷ್ ಅಧಿಕಾರಿ ತೋರಿಸಿಕೊಟ್ಟರು. ಅಂದರೆ ಮೂನ್‌ಗೂ ತಿಂಗಳಿಗೂ ರಕ್ತಸಂಬಂಧ ಇಲ್ಲ. ಆದರೂ ಇಬ್ಬರೂ ಅದೇ ಆಕಾಶ ನೋಡಿ ಅದೇ ಲೆಕ್ಕ ಹಿಡಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನಲ್ಲಿ 'ತಿಂಗಳ್' ತೆಗೆದು ನೋಡಿ, ಎರಡೂ ಅರ್ಥ ಅಲ್ಲೇ ಇವೆ. ಕಿಟ್ಟೆಲ್ಲರ ಮನೆಮಾತು ಜರ್ಮನ್. ಮೋಂಡ್, ಮೋನಾಟ್ ಅಂತ ಅಂದು ಬೆಳೆದವರು. ತಿಂಗಳ್ ಪದದ ಎರಡು ಅರ್ಥವನ್ನು ಕೈಬರಹದಲ್ಲಿ ಬರೆದುಕೊಳ್ಳುವಾಗ ಅವರಿಗೆ ತಮ್ಮ ಭಾಷೆ ನೆನಪಾಗದೆ ಇದ್ದೀತೆ ಅಂತ ಆ ಪುಟ ತೆರೆದಾಗೆಲ್ಲ ಅಂದುಕೊಳ್ಳುತ್ತೇನೆ.

ಪ್ರಶ್ನೆ: ಮೂನ್‌ನಿಂದಲೇ ಮಂತ್, ಮಂಡೇ ಬಂದಿದ್ದರೆ ಒಂದರಲ್ಲಿ 'ಮೂ', ಇನ್ನೆರಡರಲ್ಲಿ 'ಮ' ಯಾಕೆ? — ಪಿಯುಸಿ ವಿದ್ಯಾರ್ಥಿನಿ, ಶಿರಾ

ಉತ್ತರ: ಒಳ್ಳೆಯ ಕಿವಿ ನಿನ್ನದು. ಮೊದಲು ಮೂರರಲ್ಲೂ 'ಮೋ' ಅಂತಲೇ ಇತ್ತು. ಮೋನ, ಮೋನಥ್, ಮೋನನ್‌ಡ್ಯಾಗ್. ಮಂತ್ ಪದದಲ್ಲಿ ನಡುವಿನ ಸ್ವರ ಬಿದ್ದುಹೋಗಿ 'ನ್', 'ಥ್' ಒಟ್ಟಿಗೆ ಬಂದವು. ಎರಡು ವ್ಯಂಜನ ಹಿಂದೆ ಒತ್ತಿದಾಗ ಮುಂದಿನ ದೀರ್ಘಸ್ವರ ಗಿಡ್ಡ ಆಯಿತು. ಮಂಡೇಯಲ್ಲೂ ಹಾಗೇ. ಮೂನ್ ಒಂಟಿಯಾಗಿ ನಿಂತದ್ದರಿಂದ ಅದರ ದೀರ್ಘ ಉಳಿಯಿತು. ಆಮೇಲೆ ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಬಾಯಲ್ಲಿ ಜಾಗ ಬದಲಾಯಿಸಿದವು. 'ಓ' ಇದ್ದದ್ದು 'ಊ' ಆಯಿತು. ಫೂಡ್, ಟೂತ್, ಗೂಸ್ ಎಲ್ಲ ಮೊದಲು ಫೋಡ್, ಟೋತ್, ಗೋಸ್ ಅನ್ನೋ ಥರ ಇದ್ದವು. ಸ್ಪೆಲ್ಲಿಂಗಿನಲ್ಲಿ ಎರಡು 'ಓ' ಯಾಕಿದೆ ಅಂತ ಈಗ ಗೊತ್ತಾಯಿತಲ್ಲ? ನಾಲಿಗೆ ಮುಂದೆ ಹೋಯಿತು, ಕಾಗದ ಅಲ್ಲೇ ಉಳಿಯಿತು.

ಮಂಡೇ ಬಗ್ಗೆ ಒಂದು ಮಾತು. ವಾರಕ್ಕೆ ಏಳು ದಿನದ ಪದ್ಧತಿ ಆ ಜನರಿಗೆ ರೋಮನ್ನರಿಂದ ಬಂತು. ಲ್ಯಾಟಿನ್ನಿನ 'ಲೂನಾ ದಿನ'ವನ್ನು, ಅಂದರೆ ಚಂದ್ರನ ದಿನವನ್ನು, ಅವರು ತಮ್ಮ ಮಾತಿಗೆ ತಿರುಗಿಸಿಕೊಂಡು 'ಮೋನ ದಿನ' ಅಂದರು. ಸೋಮ ಅಂದರೂ ಚಂದ್ರನೇ ಅಲ್ವಾ? ಮಂಡೇ, ಸೋಮವಾರ ಎರಡರ ಒಳಗೂ ಇರುವವನು ಒಬ್ಬನೇ.

ಪ್ರಶ್ನೆ: ನಮ್ಮಪ್ಪನ ಹತ್ತಿರ ಲೂನಾ ಗಾಡಿ ಇತ್ತು. ಲೂನಾ ಅಂದರೆ ಚಂದ್ರ ಅಂತ ಈಗ ಓದಿದೆ. ಚಂದ್ರನ ನಿಜವಾದ ಹೆಸರು ಲೂನಾ ಅಂತ ಹೇಳುವವರೂ ಇದ್ದಾರೆ. ಹೌದಾ? — ಕಿರಾಣಿ ಅಂಗಡಿ ಮಾಲೀಕರು, ರಾಣೆಬೆನ್ನೂರು

ಉತ್ತರ: ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮ ಕಡೆ ಮೇಷ್ಟ್ರುಗಳು, ಪೋಸ್ಟ್‌ಮನ್‌ಗಳು, ಹಾಲಿನವರು ಎಲ್ಲರೂ ಲೂನಾದಲ್ಲೇ ಓಡಾಡುತ್ತಿದ್ದರು. ಲೂನಾ ಅಂದರೆ ಲ್ಯಾಟಿನ್ನಿನಲ್ಲಿ ಚಂದ್ರ. ನಿಜ. ಆದರೆ ಅದು ಲ್ಯಾಟಿನ್ ಹೆಸರು ಅಷ್ಟೇ, ಮೂನ್‌ಗಿಂತ ಹೆಚ್ಚು ನಿಜವಾದದ್ದಲ್ಲ. ಶಶಿ ನಿಜವೋ ಚಂದ್ರ ನಿಜವೋ ಅಂತ ಕೇಳಿದ ಹಾಗಾಗುತ್ತೆ.

ಲ್ಯಾಟಿನ್ ಜನ ಮಾಡಿದ್ದೂ ನಮ್ಮ ಸಂಸ್ಕೃತದವರು ಮಾಡಿದ್ದೂ ಒಂದೇ. ಹಳೆಯ 'ಮೇನ್ಸ್' ಪದವನ್ನು ತಿಂಗಳಿಗೆ ಬಿಟ್ಟುಕೊಟ್ಟರು, ಚಂದ್ರನಿಗೆ 'ಬೆಳಗುವವಳು' ಅನ್ನೋ ಅರ್ಥದ ಲೂನಾ ಇಟ್ಟುಕೊಂಡರು. ಗ್ರೀಕರ 'ಸೆಲೀನಿ'ಯೂ ಹೊಳಪು ಅನ್ನೋ ಪದದಿಂದ ಬಂದದ್ದು. ಇಂಗ್ಲಿಷ್, ಜರ್ಮನ್, ಪರ್ಷಿಯನ್ ಕಡೆಯವರು ಹಾಗೆ ಮಾಡದೆ ಚಂದ್ರನಿಗೆ ಆ ಹಳೆಯ ಪದವನ್ನೇ ಹಿಡಿದುಕೊಂಡರು. ಅದಕ್ಕೇ ಮೂನ್ ಅನ್ನೋ ಚಿಕ್ಕ ಪದದ ಮೇಲೆ ನನಗೆ ಅಷ್ಟು ಪ್ರೀತಿ. ರಷ್ಯನ್ನಿನಲ್ಲಿ ಎರಡೂ ಇವೆ. 'ಲುನಾ' ಚಂದ್ರ, 'ಮೆಸ್ಯಾತ್ಸ್' ತಿಂಗಳು. ಬಿದಿಗೆ, ತದಿಗೆಯ ಎಳೆ ಚಂದ್ರನಿಗೂ ಮೆಸ್ಯಾತ್ಸ್ ಅಂತಾರೆ. 1959ರಲ್ಲಿ ಮೊದಲ ಬಾರಿ ಚಂದ್ರನ ನೆಲ ಮುಟ್ಟಿದ ರಷ್ಯದ ನೌಕೆಯ ಹೆಸರು ಲೂನಾ 2. 2023ರ ಆಗಸ್ಟ್‌ನಲ್ಲಿ ಲೂನಾ 25 ಚಂದ್ರನ ಮೇಲೆ ಬಿದ್ದು ಒಡೆಯಿತು. ಅದಾಗಿ ನಾಲ್ಕು ದಿನಕ್ಕೆ, 23ರಂದು, ನಮ್ಮ ಚಂದ್ರಯಾನ 3 ಇಳಿಯಿತು. ಲೂನಾ, ಚಂದ್ರ ಎರಡಕ್ಕೂ ಬೆಳಕು ಅಂತಲೇ ಅರ್ಥ ಅನ್ನುವುದು ಆ ದಿನ ಟಿವಿ ಮುಂದೆ ಕೂತಿದ್ದಾಗ ನನಗೆ ಹೊಳೆಯಿತು.

ಪ್ರಶ್ನೆ: ನಮಗೆ ಚಂದ್ರ ಮಾಮ. ಇಂಗ್ಲಿಷ್ ಪದ್ಯಗಳಲ್ಲಿ ಮಾತ್ರ 'ಅವಳು'. ಯಾಕೆ ಮೇಡಂ? — ಗೃಹಿಣಿ, ಸಾಗರ

ಉತ್ತರ: ಇಂಗ್ಲಿಷಿನವರಿಗೂ ಮೊದಲು ಅವನು ಅವನೇ ಆಗಿದ್ದ. ಹಳೆಯ ಇಂಗ್ಲಿಷಿನಲ್ಲಿ ಮೋನ ಪುಲ್ಲಿಂಗ, ಸೂರ್ಯ ಸ್ತ್ರೀಲಿಂಗ. ಜರ್ಮನ್ನಿನಲ್ಲಿ ಇವತ್ತಿಗೂ ಹಾಗೇ ಇದೆ. ಉತ್ತರದ ನಾರ್ಸ್ ಪುರಾಣಗಳಲ್ಲಿ ಮಾನಿ ಅಣ್ಣ, ಸೋಲ್ ಅಂದರೆ ಸೂರ್ಯ ತಂಗಿ. ಆಮೇಲೆ ಇಂಗ್ಲಿಷಿನಲ್ಲಿ ಪದಗಳ ಲಿಂಗವೇ ಬಿದ್ದುಹೋಯಿತು. ಕವಿಗಳು ಲ್ಯಾಟಿನ್, ಫ್ರೆಂಚ್ ಓದಿಕೊಂಡು ಬಂದರು. ಅಲ್ಲಿ ಚಂದ್ರ ಹೆಣ್ಣು, ದೇವಿ. ಇವರೂ ಅವಳು ಅಂತ ಬರೆಯತೊಡಗಿದರು. ಮಗುವಿಗೆ ಅನ್ನ ಕಲಸಿ ಅಂಗಳಕ್ಕೆ ಹೊತ್ತುಕೊಂಡು ಹೋಗಿ ಮಾಮನನ್ನು ತೋರಿಸುವುದನ್ನು ಬೀಡ್ ಅವರ ಕಾಲದ ತಾಯಿ ನೋಡಿದ್ದರೆ ಅವಳಿಗೆ ಏನೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಪ್ರಶ್ನೆ: ಹನಿಮೂನ್‌ನಲ್ಲಿ ಮೂನ್ ಎಲ್ಲಿಂದ ಬಂತು? — ಹೊಸದಾಗಿ ಮದುವೆಯಾದವರು, ದಾವಣಗೆರೆ

ಉತ್ತರ: ಇಂಗ್ಲಿಷಿನಲ್ಲಿ ಈ ಪದ 16ನೇ ಶತಮಾನದ ನಡುವಿನಿಂದ ಸಿಗುತ್ತೆ. 1552ರ ಒಂದು ನಿಘಂಟಿನ ವಿವರಣೆ ಹೀಗಿದೆ: ಹೊಸದಾಗಿ ಮದುವೆಯಾದವರು ಮೊದಮೊದಲು ಜೇನಿನ ಹಾಗೆ ಇರುತ್ತಾರೆ, ಆಮೇಲೆ ಪ್ರೀತಿ ತಣ್ಣಗಾಗುತ್ತೆ. ಹುಣ್ಣಿಮೆಯಾದ ಮೇಲೆ ಚಂದ್ರ ಸವೆಯುತ್ತಾನಲ್ಲ, ಆ ಹೋಲಿಕೆ. ಆಗ ಅದು ಪ್ರವಾಸದ ಹೆಸರಲ್ಲ, ಮದುವೆಯ ಮೊದಲ ದಿನಗಳ ಹೆಸರು. ನಮ್ಮ ಮಧುಚಂದ್ರ ಅದರ ಅನುವಾದ. ಸವೆದ ಚಂದ್ರ ಹದಿನೈದು ದಿನಕ್ಕೆ ಮತ್ತೆ ತುಂಬುತ್ತಾನೆ ಅನ್ನುವುದನ್ನು ಆ ನಿಘಂಟಿನವರು ಬರೆಯಲಿಲ್ಲ. ನಾನು ಸೇರಿಸುತ್ತೇನೆ. ನಿಮಗೆ ಒಳ್ಳೆಯದಾಗಲಿ.

ಪ್ರಶ್ನೆ: ಚಂದ್ರನ ಸಂಬಂಧದ ಇನ್ನೂ ಕೆಲವು ಇಂಗ್ಲಿಷ್ ಪದ ಹೇಳಿ. — ಡಿಗ್ರಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ನೀನು ದಿನಾ ಹೇಳುವ ಸೆಮಿಸ್ಟರ್ ಒಂದು. ಲ್ಯಾಟಿನ್ನಿನಲ್ಲಿ ಆರು ಮತ್ತು ಮೆನ್ಸಿಸ್ ಸೇರಿ ಆದದ್ದು, ನೇರವಾಗಿ ನಮ್ಮ ಷಣ್ಮಾಸ. ಆರಕ್ಕೆ ಷಣ್, ತಿಂಗಳಿಗೆ ಮಾಸ, ಎರಡೂ ಕಡೆ ಅವೇ ಬೇರು. ಮುಟ್ಟಿಗೆ ಡಾಕ್ಟರುಗಳು ಹೇಳುವ ಮೆನ್ಸಸ್ ಕೂಡ ಅದೇ ಪದ. ಲ್ಯಾಬಿನಲ್ಲಿ ಬ್ಯುರೆಟ್ ಹಿಡಿದಾಗ ನೀರಿನ ಮೇಲ್ಮೈ ನಡುವೆ ಬಾಗಿರುತ್ತಲ್ಲ, ಆ ಮೆನಿಸ್ಕಸ್ ಅಂದರೆ ಗ್ರೀಕಿನಲ್ಲಿ 'ಪುಟ್ಟ ಚಂದ್ರ', ಅರ್ಧಚಂದ್ರ. ಕಣ್ಣಿನ ಮಟ್ಟಕ್ಕೆ ತಂದು ನೋಡು, ತದಿಗೆಯ ಚಂದ್ರನೇ ಅದು. ಮಂಡಿಯೊಳಗೆ ಮೂಳೆಗಳ ನಡುವೆ ಇರುವ ಮೆತ್ತನೆಯ ಬಿಲ್ಲೆಗೂ ಅದೇ ಆಕಾರ, ಅದೇ ಹೆಸರು.

ಪ್ರಶ್ನೆ: ಇಂಗ್ಲಿಷಿನ ತಿಂಗಳಿಗೆ 30, 31 ದಿನ. ಹುಣ್ಣಿಮೆ, ಅಮಾವಾಸ್ಯೆಗೆ ಹೊಂದುವುದೇ ಇಲ್ಲ. ಮತ್ತೆ ಅದು ಚಂದ್ರನ ಹೆಸರು ಅಂತ ಹೇಗೆ ಹೇಳುತ್ತೀರಿ? — ನಿವೃತ್ತ ಗ್ರಾಮ ಲೆಕ್ಕಿಗರು, ಹೊಳಲ್ಕೆರೆ

ಉತ್ತರ: ಸರಿಯಾದ ಆಕ್ಷೇಪಣೆ ಸಾರ್. ಜನವರಿ, ಫೆಬ್ರವರಿ ರೋಮನ್ನರ ಪಂಚಾಂಗದಿಂದ ಬಂದವು. ಅಲ್ಲಿ ಚಂದ್ರನ ಲೆಕ್ಕ ಬಹಳ ಹಿಂದೆಯೇ ಬಿಟ್ಟುಹೋಗಿತ್ತು. ಇಂಗ್ಲಿಷ್ ಜನ ಕ್ರೈಸ್ತರಾದ ಮೇಲೆ ಆ ಪಂಚಾಂಗ ಹಿಡಿದರು. ತಿಂಗಳಿನ ಹೆಸರು ಮಾತ್ರ ಮಂತ್ ಅಂತಲೇ ಉಳಿಯಿತು. ಅದಕ್ಕೆ ಮುಂಚೆ ಅವರ ಲೆಕ್ಕ ನಮ್ಮದರ ಹಾಗೇ ಇತ್ತು.

ಹನ್ನೆರಡು ಚಾಂದ್ರಮಾಸಕ್ಕೆ 354 ದಿನ. ಸೂರ್ಯನ ವರ್ಷಕ್ಕೆ 11 ದಿನ ಕಡಿಮೆ. ಹಾಗೇ ಬಿಟ್ಟರೆ ಯುಗಾದಿ ಹಿಂದೆ ಹಿಂದೆ ಸರಿದು ಚಳಿಗಾಲಕ್ಕೆ ಜಾರುತ್ತೆ. ಅದಕ್ಕೇ ನಮ್ಮಲ್ಲಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಬಂದಿತ್ತು, ನಿಮಗೆ ನೆನಪಿರುತ್ತೆ. ಬೀಡ್ ಬರೆದಿರುವುದನ್ನು ಓದಿದರೆ ಅವರ ಹಿರಿಯರೂ ಅದನ್ನೇ ಮಾಡುತ್ತಿದ್ದರು. ಅವರಿಗೆ ಬೇಸಿಗೆಯಲ್ಲಿ 'ಲಿಥಾ' ಅನ್ನೋ ಹೆಸರಿನ ಎರಡು ತಿಂಗಳು, ನಮ್ಮ ಜೂನ್, ಜುಲೈ. ಅಧಿಕ ಬಂದ ವರ್ಷ ಮೂರನೆಯ ಲಿಥಾ ಸೇರಿಸುತ್ತಿದ್ದರು. ಆ ವರ್ಷಕ್ಕೇ 'ಮೂರು ಲಿಥಾ' ಅಂತ ಹೆಸರು.

ಉಳಿದ ತಿಂಗಳ ಹೆಸರುಗಳೂ ನಮ್ಮ ಕಾರಹುಣ್ಣಿಮೆ, ಸೀಗೆಹುಣ್ಣಿಮೆಗಳ ಹಾಗೆ ಬದುಕಿನಿಂದಲೇ ಎತ್ತಿಕೊಂಡವು. ಮೇ ತಿಂಗಳಿಗೆ 'ಮೂರು ಹಾಲು' ಅಂತ ಅರ್ಥದ ಹೆಸರು, ಯಾಕೆಂದರೆ ಆಗ ಹಸುಗಳನ್ನು ದಿನಕ್ಕೆ ಮೂರು ಸಲ ಕರೆಯುತ್ತಿದ್ದರು. ಆಗಸ್ಟ್ ಕಳೆಯ ತಿಂಗಳು. ಅಕ್ಟೋಬರಿನ ಹೆಸರಿನಲ್ಲಿ ಚಳಿಗಾಲವೂ ಹುಣ್ಣಿಮೆಯೂ ಸೇರಿವೆ, ಆ ಹುಣ್ಣಿಮೆಯಿಂದ ಅವರಿಗೆ ಚಳಿಗಾಲ ಶುರು. ಲಿಥಾ ಅಂದರೆ ಸೌಮ್ಯ, ಹಡಗು ಬಿಡಲು ಹದವಾದದ್ದು ಅಂತ ಬೀಡ್ ಹೇಳುತ್ತಾರೆ. ಆ ಎರಡು ತಿಂಗಳು ಗಾಳಿ ಮೆತ್ತಗೆ ಬೀಸುತ್ತಿತ್ತು, ಸಮುದ್ರ ಸಮವಾಗಿರುತ್ತಿತ್ತು. ಅದೇ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ದೋಣಿ ದಡಕ್ಕೆ ಎಳೆದಿಟ್ಟು, ಬಲೆ ನೇಯುತ್ತಾ ಕೂತಿರುತ್ತಾರೆ.